ಐದು ತಾಲ್ಲೂಕು, ಎರಡು ಗಾಲಿ: ನಮ್ಮ ಕಡೆಯ ಸೈಕಲ್ ಕಥೆ

1/7
ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಸೈಕಲ್ ಪ್ರವಾಸ ಮಾಡೋರ ವಿಡಿಯೊ ನೀವೂ ನೋಡಿರ್ತೀರಿ. ಹಸಿರು ಗುಡ್ಡ, ಕಲ್ಲಿನ ಬೇಲಿ, ಸಣ್ಣ ರಸ್ತೆ. ಅಲ್ಲಿಯ ಮೇಯೋ ಕೌಂಟಿಯಲ್ಲಿ 1937ರಲ್ಲಿ ಮುಚ್ಚಿಹೋದ ರೈಲು ದಾರಿಯನ್ನೇ ಸೈಕಲ್ ದಾರಿ ಮಾಡಿದ್ದಾರೆ. ನಲವತ್ತು ಕಿಲೋಮೀಟರಿಗೂ ಹೆಚ್ಚು ಉದ್ದ. ಅದನ್ನು ತುಳಿಯೋಕೆ ಅಂತಲೇ ಬೇರೆ ದೇಶಗಳಿಂದ ಜನ ಬರ್ತಾರೆ.

ಈಗ ನಮ್ಮ ನಕ್ಷೆ ತೆಗೀರಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಒಂದು ಊರಿಂದ ಪಕ್ಕದ ತಾಲ್ಲೂಕು ಕೇಂದ್ರಕ್ಕೆ ಹೆಚ್ಚುಕಮ್ಮಿ 20ರಿಂದ 50 ಕಿ.ಮೀ. ಗಂಟೆಗೆ 12 ಕಿ.ಮೀ. ತುಳಿದರೂ ಅರ್ಧ ದಿನದ ದಾರಿ ಅಷ್ಟೇ. ಈ ದಾರಿಯಲ್ಲಿ ಸಾವಿರ ವರ್ಷದ ಗುಡಿ, ಕೋಟೆ, ಕೆರೆ ಎಲ್ಲಾ ಇವೆ. ಈ ಸಲದ ಕಂತು ಈ ದಾರಿಯದ್ದು, ಜೊತೆಗೆ ಸೈಕಲ್‌ದ್ದು. ಯಾಕಂದ್ರೆ ನಮ್ಮ ಕಡೆ ಸೈಕಲ್ ಬರೀ ಪ್ರವಾಸದ ಸಾಮಾನಲ್ಲ. ಯಾರು ಎಷ್ಟು ದೂರ ಹೋಗಬಹುದು, ಯಾರು ಹೋಗಬಾರದು ಅನ್ನೋದನ್ನೇ ಅದು ಬದಲಿಸಿತು.

2/7
ಮೊದಲು ಒಂದು ಟೈರು, ಒಂದು ಮುಳ್ಳು.

1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್ ಊರಲ್ಲಿ ಜಾನ್ ಬಾಯ್ಡ್ ಡನ್ಲಪ್ ಅನ್ನೋ ದನದ ಡಾಕ್ಟರು ಮಗನ ಮೂರು ಗಾಲಿ ಸೈಕಲ್‌ಗೆ ಗಾಳಿ ತುಂಬಿದ ರಬ್ಬರ್ ಟೈರು ಮಾಡಿಕೊಟ್ಟ. ಅದಕ್ಕೂ ಮುಂಚೆ ಗಾಲಿಗೆ ಗಟ್ಟಿ ರಬ್ಬರೇ ಇರ್ತಿತ್ತು. ಕುಲುಕಾಟಕ್ಕೆ ಮೈಕೈ ನುಗ್ಗಾಗ್ತಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿ ಒಂದೇ ಅಳತೆಗೆ ಹತ್ತಿರ ಇರೋ, ಹಿಂದಿನ ಗಾಲಿಗೆ ಚೈನು ಇರೋ ‘ರೋವರ್’ ಸೈಕಲ್ ಮಾಡಿದ್ದ. ಈ ಎರಡೂ ಸೇರಿದ ಮೇಲೆ ಸೈಕಲ್ ಸಾಮಾನ್ಯ ಜನರ ಗಾಡಿ ಆಯ್ತು.

ಹೆಚ್ಚುಕಮ್ಮಿ ಅದೇ ಕಾಲಕ್ಕೆ, 19ನೇ ಶತಮಾನದ ಕೊನೆಯಲ್ಲಿ, ಅಮೆರಿಕ ಖಂಡದ ಒಂದು ಮುಳ್ಳುಗಿಡವನ್ನ ಉರುವಲಿಗೆ ಅಂತ ಇಂಡಿಯಾಕ್ಕೆ ತಂದು ಹಾಕಿದ್ರು. ಇವತ್ತು ಕನ್ನಡದಲ್ಲಿ ಅದರ ಹೆಸರೇ ‘ಬಳ್ಳಾರಿ ಜಾಲಿ’! ಡನ್ಲಪ್‌ನ ಟೈರಿಗೂ ಈ ಜಾಲಿ ಮುಳ್ಳಿಗೂ ಭೇಟಿ ಆಗಿದ್ದು ನಮ್ಮ ರಸ್ತೆಗಳಲ್ಲಿ. ಊರೂರಿಗೆ ಪಂಚರ್ ಅಂಗಡಿ ಹುಟ್ಟೋಕೆ ಇನ್ನೇನು ಬೇಕು ಹೇಳಿ?

3/7
ಸೈಕಲ್ ಬರೋದಕ್ಕೆ ಮುಂಚೆ ದೂರ ಅಂದ್ರೆ ಏನಿತ್ತು? ಕಾಲ್ನಡಿಗೆ, ಇಲ್ಲಾ ಎತ್ತಿನ ಬಂಡಿ. ಬಂಡಿ ಗಂಟೆಗೆ ಮೂರ್ನಾಲ್ಕು ಕಿಲೋಮೀಟರ್ ಹೋದ್ರೆ ಹೆಚ್ಚು. ಸಂತೆಗೆ ಹೋದೋರು ರಾತ್ರಿಗೆ ಮನೆ ಸೇರಬೇಕಂದ್ರೆ ಸಂತೆ ಹತ್ತಿರವೇ ಇರಬೇಕು. ಹೆಣ್ಣು ಕೊಡೋದು, ಸಾಲ ತರೋದು, ಔಷಧಿ ತರೋದು ಎಲ್ಲಾ ಆ ಅಳತೆಯೊಳಗೇ.

ಬ್ರಿಟಿಷರ ಕಾಲದಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್ ಗೇಜ್ ರೈಲು ಬಂತು. ಆದ್ರೆ ರೈಲು ನಿಲ್ಲೋದು ಸ್ಟೇಷನ್ನಲ್ಲಿ, ನಮ್ಮ ಹೊಲದ ದಾರಿಯಲ್ಲಲ್ಲ. ಸ್ಟೇಷನ್ನಿಂದ ಹಳ್ಳಿಗೆ ಮತ್ತೆ ನಡಿಗೆಯೇ.

ಇನ್ನೊಂದು ವಿಷಯ ನೆನಪಿರಲಿ. 1800ರಲ್ಲಿ ನಿಜಾಮ ಈ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸಿನ ಆಡಳಿತದಲ್ಲಿದ್ವಿ. ಆಮೇಲೆ ಮೈಸೂರು ರಾಜ್ಯ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂದು, 2021ರಲ್ಲಿ ಐದೂ ತಾಲ್ಲೂಕಿನ ಜೊತೆ ವಿಜಯನಗರ ಜಿಲ್ಲೆ ಸೇರಿತು. ಗಡಿ ಓಡಾಡ್ತಾನೇ ಇತ್ತು, ಜನ ಓಡಾಡೋದು ಮಾತ್ರ ಕಷ್ಟ ಇತ್ತು.

4/7
ಮೊದಮೊದಲ ಸೈಕಲ್‌ಗಳು ಹಡಗಿನಲ್ಲಿ ಬಂದವು: ರ‍್ಯಾಲಿ, ಹಂಬರ್, ಬಿಎಸ್‌ಎ, ಹರ್ಕ್ಯುಲಿಸ್. ಇವು ಸಾಹೇಬರ, ಉಳ್ಳವರ ಮನೆಯ ಸಾಮಾನು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಶುರುವಾಗಿ, ಅಂಬತ್ತೂರಿನ ಕಾರ್ಖಾನೆಯಿಂದ ಹರ್ಕ್ಯುಲಿಸ್ ಹೊರಬಂತು. ಆ ವರ್ಷ ನಮ್ಮ ಊರುಗಳೂ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು ಅನ್ನೋದು ತಮಾಷೆ. 1951ರಲ್ಲಿ ಸೋನೆಪತ್‌ನ ಅಟ್ಲಾಸ್, 1956ರಲ್ಲಿ ಲುಧಿಯಾನದ ಹೀರೋ. ಆಮೇಲೆ ಮೇಷ್ಟ್ರು, ಪೋಸ್ಟ್‌ಮ್ಯಾನ್, ಹಾಲಿನವರು, ಹಡಗಲಿ ಮಲ್ಲಿಗೆ ಮಾರೋರು, ಎಲ್ಲರ ಕೈಗೂ ಸೈಕಲ್ ಬಂತು.

ಎಷ್ಟೋ ಊರಲ್ಲಿ ಸೈಕಲ್‌ಗೂ ತೆರಿಗೆ ಇತ್ತು. ಕಟ್ಟಿದವರಿಗೆ ಒಂದು ತಗಡಿನ ಬಿಲ್ಲೆ. ರಾತ್ರಿ ದೀಪ ಇಲ್ಲದೆ ಹೋದ್ರೆ, ಡಬಲ್ ರೈಡ್ ಮಾಡಿದ್ರೆ ದಂಡ. ಸ್ವಂತ ಸೈಕಲ್ ಇಲ್ಲದ ಹುಡುಗರಿಗೆ ಗಂಟೆ ಲೆಕ್ಕದ ಬಾಡಿಗೆ ಸೈಕಲ್. ಕಾಲು ಎಟುಕದವರಿಗೆ ಒಳಪೆಡಲ್. ನಿಮ್ಮ ಅಪ್ಪನ ಮೊಣಕಾಲಲ್ಲಿ ಹಳೇ ಗಾಯದ ಗುರುತು ಇದ್ರೆ ಕಾರಣ ಕೇಳಿ ನೋಡಿ.

5/7
ಆದ್ರೆ ರಸ್ತೆ ಎಲ್ಲರಿಗೂ ಒಂದೇ ಇರ್ಲಿಲ್ಲ. ದೇಶದ ಎಷ್ಟೋ ಹಳ್ಳಿಗಳಲ್ಲಿ ಮೇಲ್ಜಾತಿಯವರ ಓಣಿ ಬಂದ ಕೂಡಲೇ ದಲಿತರು ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಸಾರ್ವಜನಿಕ ರಸ್ತೆಯಲ್ಲಿ ಯಾರನ್ನೂ ತಡೆಯೋದು ಅಪರಾಧ ಅಂತ ಹೇಳಿತು. ಕಾಯ್ದೆ ಬಂದ ದಿನವೇ ಓಣಿ ಬದಲಾಗಲ್ಲ, ಅದು ನಿಮಗೂ ಗೊತ್ತು.

ಹೆಣ್ಣುಮಕ್ಕಳಿಗೆ ತಡೆ ಇನ್ನೊಂದು ತರ. ‘ಹುಡುಗಿ ಸೈಕಲ್ ತುಳೀತಾಳಾ?’ ಅನ್ನೋ ಒಂದೇ ಮಾತು ಸಾಕಿತ್ತು. ತಮಿಳುನಾಡಿನ ಪುದುಕ್ಕೋಟೈ ನಮ್ಮ ತರಾನೇ ಒಣಜಿಲ್ಲೆ. ಅಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದವರು ಅಕ್ಷರದ ಜೊತೆ ಸೈಕಲ್ಲೂ ಕಲಿಸಿದ್ರು. 1992ರ ಮಹಿಳಾ ದಿನದಂದು 1500ಕ್ಕೂ ಹೆಚ್ಚು ಹೆಂಗಸರು ಸೈಕಲ್ ಮೇಲೆ ಮೆರವಣಿಗೆ ಹೊರಟ್ರು. ಕೂಲಿಯವರು, ಕಲ್ಲು ಒಡೆಯೋರು, ಅಂಗನವಾಡಿಯವರು. ಗಂಡನೋ ಅಣ್ಣನೋ ಬಂದು ಕರ್ಕೊಂಡು ಹೋಗಲಿ ಅಂತ ಕಾಯೋದು ತಪ್ಪಿತು.

6/7
ನಮ್ಮ ರಾಜ್ಯದಲ್ಲಿ ಆ ತಿರುವು ಬಂದಿದ್ದು ಶಾಲೆಯಿಂದ. 2006-07ರಲ್ಲಿ ಸರ್ಕಾರಿ, ಅನುದಾನಿತ ಪ್ರೌಢಶಾಲೆಯ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋ ಯೋಜನೆ ಶುರುವಾಯ್ತು. 7ನೇ ತರಗತಿವರೆಗೆ ಊರಲ್ಲೇ ಶಾಲೆ, 8ಕ್ಕೆ ಪಕ್ಕದೂರು. ಹೆಣ್ಣುಮಕ್ಕಳ ಓದು ನಿಲ್ತಿದ್ದದ್ದು ಸರಿಯಾಗಿ ಇಲ್ಲೇ. ಪರೀಕ್ಷೆಯಲ್ಲಿ ಫೇಲಾಗಿ ಅಲ್ಲ, ನಾಲ್ಕೈದು ಕಿಲೋಮೀಟರ್ ದಾರಿಗೆ.

ಇದು ಬರೀ ಅನಿಸಿಕೆ ಅಲ್ಲ. ಅದೇ 2006ರಲ್ಲಿ ಬಿಹಾರ ಸರ್ಕಾರ 9ನೇ ತರಗತಿ ಹುಡುಗಿಯರಿಗೆ ಸೈಕಲ್ ಕೊಳ್ಳೋಕೆ ಹಣ ಕೊಟ್ಟಿತು. ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಅನ್ನೋ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದ್ರು. ಪ್ರೌಢಶಾಲೆ ಸೇರೋ ಹುಡುಗಿಯರ ಪ್ರಮಾಣ ಶೇ 32ರಷ್ಟು ಏರಿತ್ತು. ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಇಳಿದಿತ್ತು. ಹೆಚ್ಚು ಲಾಭ ಆಗಿದ್ದು ಶಾಲೆ 3 ಕಿ.ಮೀ.ಗಿಂತ ದೂರ ಇರೋ ಹಳ್ಳಿಗಳಲ್ಲಿ.

ನಮ್ಮಲ್ಲಿ ಕೋವಿಡ್ ವರ್ಷಗಳಲ್ಲಿ ಸೈಕಲ್ ಹಂಚೋದು ನಿಂತಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ, ಒಳ್ಳೇದೇ. ಆದ್ರೆ ಶಾಲೆ ಬಿಡೋ ಹೊತ್ತಿಗೆ ಬಸ್ಸೇ ಬರದ ಊರಲ್ಲಿ ಉಚಿತ ಟಿಕೆಟ್ ಏನು ಮಾಡುತ್ತೆ? ನಿಮಗಿಂತ ನಾಲ್ಕು ವರ್ಷ ಚಿಕ್ಕ ಹುಡುಗಿಯರು ಇವತ್ತು ಹೇಗೆ ಹೋಗ್ತಿದ್ದಾರೆ, ಗಮನಿಸಿ.

7/7
ಇನ್ನು ಸವಾರಿ. ರಜೆಯಲ್ಲಿ ಮೂರ್ನಾಲ್ಕು ಜನ ಸೇರಿ ಹೊರಡಿ. ಬೇಸಿಗೆ ಬೇಡ, ಮಳೆಗಾಲ ಮುಗಿದ ಮೇಲೆ ಒಳ್ಳೇದು. ಎರಿ ನೆಲ ಹಸಿ ಇದ್ರೆ ಮಣ್ಣು ಮಡ್‌ಗಾರ್ಡ್‌ಗೆ ಮೆತ್ತಿ ಗಾಲಿಯೇ ತಿರುಗಲ್ಲ. ಎರಡು ಟ್ಯೂಬು, ಪಂಪು, ಸೊಲ್ಯೂಷನ್, ನೀರು ಇರಲಿ. ಜಾಲಿ ಮುಳ್ಳು ಯಾರನ್ನೂ ಬಿಡಲ್ಲ.

ಕೂಡ್ಲಿಗಿ ಕಡೆಯಿಂದ ಶುರು ಮಾಡಿದ್ರೆ ಗುಡೇಕೋಟೆ: ಪಾಳೇಗಾರರ ಕೋಟೆ, ಸುತ್ತ ಕರಡಿಧಾಮ. ಕೊಟ್ಟೂರಲ್ಲಿ ಗುರುಬಸವೇಶ್ವರನ ತೇರಿಗೆ ಇವತ್ತಿಗೂ ಸಾವಿರಾರು ಜನ ನಡೆದೇ ಬರ್ತಾರೆ. ಉಜ್ಜಿನಿಯಲ್ಲಿ ಶಿಖರಕ್ಕೆ ಎಣ್ಣೆ ಎರೆಯೋ ಮರುಳಸಿದ್ಧೇಶ್ವರ ಗುಡಿ. ಹರಪನಹಳ್ಳಿ ಹತ್ತಿರ ಬಾಗಳಿಯ ಕಲ್ಲೇಶ್ವರ, 10ನೇ ಶತಮಾನದ್ದು. ದಕ್ಷಿಣಕ್ಕೆ ಹೊರಳಿದ್ರೆ ಉಚ್ಚಂಗಿದುರ್ಗ. ಹಡಗಲಿ ಕಡೆ ಹೊಳೆದಂಡೆಗೆ ಮೈಲಾರ, ಕುರುವತ್ತಿ. ಚಾಲುಕ್ಯರ ಒಂದನೇ ಸೋಮೇಶ್ವರ 1068ರಲ್ಲಿ ಕಾಯಿಲೆ ವಾಸಿಯಾಗದೆ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟಿದ್ದು ಕುರುವತ್ತಿಯಲ್ಲೇ. ಕೊನೆಗೆ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ, 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಹಕ್ಕಿಗಳ ಕೆರೆ.

ಕಾರಲ್ಲಿ ಹೋದ್ರೆ ಇವೆಲ್ಲಾ ಬಿಡಿಬಿಡಿ ಫೋಟೊ. ಸೈಕಲ್‌ನಲ್ಲಿ ಹೋದ್ರೆ ಎರಡು ಊರಿನ ನಡುವೆ ಎಷ್ಟು ಏರು, ಎಷ್ಟು ಬಿಸಿಲು, ಎಲ್ಲಿ ನೀರು ಅಂತ ಕಾಲಿಗೇ ಗೊತ್ತಾಗುತ್ತೆ. ಹಿಂದಿನವರು ಬದುಕಿದ್ದು ಆ ಲೆಕ್ಕದಲ್ಲೇ.

ಹೊರಡೋ ಮುಂಚೆ ಮನೆಯಲ್ಲಿ ಮೂರು ಪ್ರಶ್ನೆ ಕೇಳಿ. ಮನೆಗೆ ಮೊದಲ ಸೈಕಲ್ ಯಾವ ವರ್ಷ ಬಂತು? ಎಷ್ಟು ಕೊಟ್ರು? ಅಮ್ಮ, ಅಜ್ಜಿ ಯಾವತ್ತಾದ್ರೂ ತುಳಿದಿದ್ರಾ? ಉತ್ತರ ಇಲ್ಲೇ ಬರೀರಿ, ಬಿಲ್ಲೆ ಉಳಿದಿದ್ರೆ ಫೋಟೊ ಹಾಕಿ. ಮೂರನೇ ಪ್ರಶ್ನೆಯ ಉತ್ತರ ಮಾತ್ರ ತಪ್ಪಿಸಬೇಡಿ.

#ನಮ್ಮಸೀಮೆಇತಿಹಾಸ #ಸೈಕಲ್‌ಸವಾರಿ #ಕೊಟ್ಟೂರು #ಹಡಗಲಿ #ಹರಪನಹಳ್ಳಿ #ಕೂಡ್ಲಿಗಿ #ಹಗರಿಬೊಮ್ಮನಹಳ್ಳಿ