ಸರ್ವವ್ಯಾಪಿ ಕಂಪ್ಯೂಟಿಂಗ್: ಬೊಮ್ಮನಹಳ್ಳಿ ಪರಿಸರದಲ್ಲಿ

ದಿನಬಳಕೆಯ ವಸ್ತುಗಳೊಳಗೇ ಗಣಕಗಳು ಸೇರಿಕೊಂಡು, ಬಳಸುವವರ ಅರಿವಿಗೆ ಅಷ್ಟಾಗಿ ಬಾರದಂತೆ ಕೆಲಸ ನಡೆಸುವ ವ್ಯವಸ್ಥೆಯೇ ಸರ್ವವ್ಯಾಪಿ ಕಂಪ್ಯೂಟಿಂಗ್. ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಮಾರ್ಕ್ ವೈಸರ್ 1988ರ ಸುಮಾರಿಗೆ ಈ ಕಲ್ಪನೆಯನ್ನು ರೂಪಿಸಿ, 1991ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ವಿವರಿಸಿದರು. ಅಂಗೈಯಗಲ, ಪುಸ್ತಕದಗಲ, ಗೋಡೆಯಗಲ ಎಂದು ಮೂರು ಅಳತೆಯ ಸಾಧನಗಳನ್ನು ಅವರ ತಂಡ ತಯಾರಿಸಿತ್ತು. ಯಂತ್ರ ಬೇಕಾದಾಗ ಮುಂದೆ ಬರಬೇಕು, ಉಳಿದ ಹೊತ್ತಿನಲ್ಲಿ ಮನುಷ್ಯನ ಗಮನ ಕಬಳಿಸದೆ ಹಿಂದೆ ಸರಿದಿರಬೇಕು ಎಂಬುದು ಅವರೂ ಜಾನ್ ಸೀಲಿ ಬ್ರೌನ್ ಅವರೂ ಮುಂದಿಟ್ಟ ತತ್ತ್ವ.

ಬೆಂಗಳೂರಿನ ಹೊಸೂರು ರಸ್ತೆಯ ಬೊಮ್ಮನಹಳ್ಳಿ ಗಾರ್ಮೆಂಟ್ಸ್ ಕಾರ್ಖಾನೆಗಳ, ಸಣ್ಣ ಅಂಗಡಿಗಳ ಜಾಗ. ನಗರಸಭೆಯಾಗಿದ್ದ ಇದು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) ಸೇರಿತು. ಇಂಥ ಕಡೆ ವೈಸರ್ ತತ್ತ್ವಕ್ಕೆ ಅತ್ಯಂತ ಹತ್ತಿರವಾಗಿರುವುದು ದುಬಾರಿ ಸ್ಮಾರ್ಟ್ ಮನೆಗಳಲ್ಲ, ಟೀ ಅಂಗಡಿಯ ಸೌಂಡ್‌ಬಾಕ್ಸ್. ಗಿರಾಕಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಾವತಿಸಿದೊಡನೆ ಹಣದ ಆದೇಶ ಬ್ಯಾಂಕುಗಳ ನಡುವೆ, 2016ರಲ್ಲಿ ಶುರುವಾದ ಯುಪಿಐ ಜಾಲದ ಮೂಲಕ ಹಾದುಹೋಗುತ್ತದೆ. ಜಮೆಯಾದ ಸಂದೇಶ ಪೆಟ್ಟಿಗೆಯೊಳಗಿನ ಸಿಮ್‌ಗೆ ತಲುಪಿದಾಗ ಅದು ಮೊತ್ತವನ್ನು ಕನ್ನಡದಲ್ಲಿ ಕೂಗಿ ಹೇಳುತ್ತದೆ. ಕೈಯೆಲ್ಲ ಹಿಟ್ಟಾಗಿದ್ದರೂ ವ್ಯಾಪಾರಿ ಫೋನ್ ಮುಟ್ಟಬೇಕಿಲ್ಲ. ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರ ಕಾಟವೂ ತಗ್ಗಿತು. ಆದರೆ ನೆಟ್‌ವರ್ಕ್ ಕೈಕೊಟ್ಟಾಗ ಪೆಟ್ಟಿಗೆ ಸುಮ್ಮನಾಗುತ್ತದೆ. ಹಣ ಬಂತೋ ಇಲ್ಲವೋ ಎಂದು ಮತ್ತೆ ಫೋನ್ ತೆಗೆಯಬೇಕು.

ಸಾರಿಗೆಯಲ್ಲೂ ಇದೇ ಬದಲಾವಣೆ ಕಾಣುತ್ತದೆ. 2010ರಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯ ಟೋಲ್‌ನಲ್ಲಿ ಈಗ ಫಾಸ್ಟ್ಯಾಗ್ ಬಳಕೆಯಲ್ಲಿದೆ. ಗಾಜಿಗೆ ಅಂಟಿಸಿದ ಆ ಚೀಟಿಯಲ್ಲಿ ಬ್ಯಾಟರಿ ಇಲ್ಲ; ಓದುವ ಯಂತ್ರದ ರೇಡಿಯೋ ಅಲೆಗಳಿಂದಲೇ ಶಕ್ತಿ ಪಡೆದು ಅದು ತನ್ನ ಗುರುತು ಹೇಳುತ್ತದೆ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 16 ನಿಲ್ದಾಣಗಳ ಹಳದಿ ಮೆಟ್ರೊ ಮಾರ್ಗ ಬೊಮ್ಮನಹಳ್ಳಿಯನ್ನೂ ಹಾದುಹೋಗುತ್ತದೆ. ಚಾಲಕರಿಲ್ಲದೆಯೂ ಓಡಬಲ್ಲಂತೆ ರೂಪಿಸಿದ ಇಲ್ಲಿನ ರೈಲುಗಳು ಹಳಿಬದಿಯ ಗಣಕಗಳೊಂದಿಗೆ ರೇಡಿಯೋ ಮೂಲಕ ಸಂಪರ್ಕದಲ್ಲಿದ್ದು, ಅಂತರ ಮತ್ತು ವೇಗವನ್ನು ಅದರಂತೆ ಹೊಂದಿಸಿಕೊಳ್ಳುತ್ತವೆ.

ಬಿಡಿಭಾಗ, ಬ್ಯಾಟರಿಗಳ ಇ-ತ್ಯಾಜ್ಯ ಮತ್ತು ಹಳೆಯ ಸಾಧನಗಳ ಸೈಬರ್ ಭದ್ರತೆ ಮುಂದಿನ ಸವಾಲುಗಳಲ್ಲಿ ಸೇರಿವೆ. ಇವೆಲ್ಲಕ್ಕಿಂತ ದೊಡ್ಡದು, ಕಾಣದ ಗಣಕ ಬಿಟ್ಟುಹೋಗುವ ದಾಖಲೆಯದು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವರ್ತಕರಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ‘ನಗದು ಮಾತ್ರ’ ಎಂಬ ಬರಹ ಬಂತು. ಪ್ರತಿಭಟನೆಯ ನಂತರ ಸರ್ಕಾರ ಹಳೆಯ ಬಾಕಿಯ ವಸೂಲಿಯಿಂದ ಹಿಂದೆ ಸರಿಯಿತು. ತೆರಿಗೆ ಕಟ್ಟಬೇಕಾದ್ದು ನ್ಯಾಯವೇ. ಆದರೆ ಪ್ರತಿ ಲೋಟ ಚಹಾಕ್ಕೂ ಲೆಕ್ಕ ಉಳಿಯುತ್ತದೆ ಎಂಬುದನ್ನು ವ್ಯಾಪಾರಿಗೆ ಮೊದಲೇ ಬಿಡಿಸಿ ಹೇಳಬೇಕಿತ್ತು.

ಹೀಗೆ ಬಿಡಿಸಿ ಹೇಳುವುದಕ್ಕೆ ಕಾನೂನಿನ ಬೆಂಬಲವೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಅವಕಾಶ ಕೊಡಬೇಕು. ಕನ್ನಡವೂ ಆ ಪಟ್ಟಿಯಲ್ಲಿದೆ.