ನಿಂಬೆ, ಎಣ್ಣೆ, ಕೆಂಡ: ಗ್ರೀಕರ ಸುಟ್ಟ ಕೋಳಿಯ ಹಿಂದಿನ ಚರಿತ್ರೆ

ಅಡುಗೆಯ ಕಾರ್ಯಕ್ರಮಗಳಲ್ಲಿ ಎರಡೇ ನಿಮಿಷದಲ್ಲಿ ಮುಗಿದುಹೋಗುವ ದೃಶ್ಯವೊಂದಿದೆ. ಬಟ್ಟಲಿಗೆ ಆಲಿವ್ ಎಣ್ಣೆ ಸುರಿಯುತ್ತಾರೆ. ನಿಂಬೆಹಣ್ಣು ಹಿಂಡುತ್ತಾರೆ. ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಕಾಳುಮೆಣಸಿನ ಪುಡಿ ಹಾಕಿ, ಒಣಗಿದ ಓರೆಗಾನೊ ಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ಉದುರಿಸುತ್ತಾರೆ. ಕೋಳಿಯ ತುಂಡುಗಳನ್ನು ಅದರಲ್ಲಿ ಹೊರಳಿಸಿ ಕೆಲವು ಗಂಟೆ ನೆನೆಯಲು ಬಿಟ್ಟು, ಆಮೇಲೆ ಕೆಂಡದ ಮೇಲೆ ಸುಡುತ್ತಾರೆ. ಹೀಗೆ ಮಾಂಸವನ್ನು ನೆನೆಯಿಡುವ ರಸಕ್ಕೆ ಮ್ಯಾರಿನೇಡ್ ಎಂದು ಹೆಸರು. ಇದನ್ನು ಗ್ರೀಕ್ ಶೈಲಿ ಎನ್ನುತ್ತಾರೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಮರನ ಕಾವ್ಯದ ವೀರರು ಉಂಡ ಊಟವೇ ಇದು ಎಂದುಬಿಡುತ್ತಾರೆ. ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಇಂಥ ಮಾತನ್ನು ಹಾಗೆಯೇ ನುಂಗಬಾರದು. ಬಟ್ಟಲಿನಲ್ಲಿರುವ ಒಂದೊಂದು ವಸ್ತುವನ್ನೂ ಹಿಡಿದು, "ನೀನು ಗ್ರೀಸಿಗೆ ಯಾವಾಗ ಬಂದೆ?" ಎಂದು ವಿಚಾರಿಸಿ ನೋಡೋಣ.

ಮೊದಲು ಹೋಮರನನ್ನೇ ಕೇಳೋಣ. 'ಇಲಿಯಡ್' ಕಾವ್ಯದ 9ನೆಯ ಸರ್ಗದಲ್ಲಿ ಮುನಿಸಿಕೊಂಡ ಅಖಿಲೀಸನನ್ನು ಸಮಾಧಾನಪಡಿಸಲು ಒಡಿಸ್ಯೂಸ್ ಮೊದಲಾದವರು ಅವನ ಬಿಡಾರಕ್ಕೆ ಬರುತ್ತಾರೆ. ಬಂದವರಿಗೆ ಅಡುಗೆಯಾಗಬೇಕು. ಕುರಿ, ಆಡು, ಹಂದಿಯ ಮಾಂಸವನ್ನು ಅಖಿಲೀಸನೇ ಕತ್ತರಿಸಿ ಸಲಾಕೆಗಳಿಗೆ ಚುಚ್ಚುತ್ತಾನೆ. ಅವನ ಗೆಳೆಯ ಪೆಟ್ರೋಕ್ಲಸ್ ಬೆಂಕಿ ಹೊತ್ತಿಸಿ, ಜ್ವಾಲೆ ತಗ್ಗುವವರೆಗೆ ಕಾದು, ಕೆಂಡವನ್ನು ಹರಡಿ, ಅದರ ಮೇಲೆ ಸಲಾಕೆಗಳನ್ನಿಟ್ಟು ಉಪ್ಪು ಉದುರಿಸುತ್ತಾನೆ. ಅಷ್ಟೇ. ಎಣ್ಣೆಯಿಲ್ಲ, ಹುಳಿಯಿಲ್ಲ, ಸೊಪ್ಪಿಲ್ಲ, ನೆನೆಸುವ ಮಾತೇ ಇಲ್ಲ. ಮಹಾವೀರನೊಬ್ಬ ಅಡುಗೆಮನೆಯ ಕೆಲಸಕ್ಕೆ ನಿಂತದ್ದನ್ನು ಕವಿ ಸಂಕೋಚವಿಲ್ಲದೆ ವರ್ಣಿಸಿದ್ದಾನೆ ಎಂಬುದನ್ನೂ ಗಮನಿಸಬೇಕು. ಆದರೆ ನಮಗೆ ಮುಖ್ಯವಾದದ್ದು ಬೇರೊಂದು ಸಂಗತಿ: 'ಇಲಿಯಡ್' ಮತ್ತು 'ಒಡಿಸ್ಸಿ' ಎರಡರಲ್ಲೂ ಎಲ್ಲಿಯೂ ಸಾಕುಕೋಳಿಯ ಊಟವಿಲ್ಲ.

ಕೆಂಡ ಮತ್ತು ಸಲಾಕೆಯ ವಿಷಯದಲ್ಲಿ ಮಾತ್ರ ಗ್ರೀಕರ ಹೆಮ್ಮೆಗೆ ಗಟ್ಟಿ ಆಧಾರವಿದೆ. ಸ್ಯಾಂಟೊರಿನಿ ದ್ವೀಪದ ಅಕ್ರೊತಿರಿ ಎಂಬ ಪಟ್ಟಣ ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯಡಿ ಹೂತುಹೋಯಿತು. ಅಲ್ಲಿನ ಉತ್ಖನನದಲ್ಲಿ ಜೋಡಿ ಜೋಡಿಯಾದ ಮಣ್ಣಿನ ಆಧಾರಗಳು ದೊರೆತಿವೆ. ಅವುಗಳ ಮೇಲಂಚಿನಲ್ಲಿ ಸಲಾಕೆ ಕೂರಲು ಕಚ್ಚುಗಳಿವೆ. ಕೆಳಗೆ ಗಾಳಿಯಾಡಲು ತೂತುಗಳಿವೆ. ಎರಡರ ನಡುವೆ ಕೆಂಡ ಹಾಕಿದರೆ ಸರಿ, ಇಂದಿನ ಬೀದಿಯ ಕಬಾಬ್ ಒಲೆಯೇ. ಮುಂದೆ ಕಬ್ಬಿಣದ ಸಲಾಕೆಗಳು ಎಷ್ಟು ಬೆಲೆಬಾಳುತ್ತಿದ್ದವೆಂದರೆ ಅವು ಹಣದಂತೆಯೇ ಚಲಾವಣೆಯಲ್ಲಿದ್ದವು. ಸಲಾಕೆಗೆ ಗ್ರೀಕ್ ಭಾಷೆಯಲ್ಲಿ 'ಒಬೆಲೋಸ್'. ಅದರಿಂದಲೇ 'ಒಬೋಲ್' ಎಂಬ ನಾಣ್ಯದ ಹೆಸರು ಬಂತು. ಆರು ಸಲಾಕೆಗಳು ಒಂದು ಹಿಡಿ. ಆ ಹಿಡಿಯೇ 'ದ್ರಾಖ್ಮ'. 2002ರಲ್ಲಿ ಯೂರೊ ಬಂದು ಗ್ರೀಸಿನ ದ್ರಾಖ್ಮ ನಾಣ್ಯ ಮರೆಯಾಗುವವರೆಗೂ ಅಲ್ಲಿನ ಜನ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಒಂದು ಹಿಡಿ ಸಲಾಕೆಯ ಹೆಸರನ್ನು ಕಿಸೆಯಲ್ಲಿಟ್ಟುಕೊಂಡೇ ತಿರುಗುತ್ತಿದ್ದರು.

ಇನ್ನು ಕೋಳಿ. ಕೋಳಿಯನ್ನು ಮೊದಲು ಪಳಗಿಸಿದ್ದು ಸಿಂಧೂ ಕಣಿವೆಯಲ್ಲಿ ಎಂದು ಹಿಂದಿನ ಪಠ್ಯಪುಸ್ತಕಗಳಲ್ಲಿ ಓದಿದವರುಂಟು. 2022ರಲ್ಲಿ ಪ್ರಕಟವಾದ ಸಂಶೋಧನೆಗಳು ಆ ಸ್ಥಾನವನ್ನು ಆಗ್ನೇಯ ಏಷ್ಯಾಕ್ಕೆ, ಭತ್ತದ ಗದ್ದೆಗಳ ಸೀಮೆಗೆ ಕೊಟ್ಟಿವೆ. ಯೂರೋಪಿನ ಮೆಡಿಟರೇನಿಯನ್ ತೀರಕ್ಕೆ ಕೋಳಿ ತಲುಪಿದ್ದು ಕ್ರಿ.ಪೂ. 800ರ ಸುಮಾರಿಗೆ ಎಂದಿವೆ. ಕ್ರಿ.ಪೂ. 414ರಲ್ಲಿ ರಂಗವೇರಿದ ಅರಿಸ್ಟೋಫೇನಿಸನ 'ಪಕ್ಷಿಗಳು' ಎಂಬ ಪ್ರಹಸನದಲ್ಲಿ ಹುಂಜಕ್ಕೆ 'ಪರ್ಷಿಯದ ಹಕ್ಕಿ' ಎಂದೇ ಹೆಸರು. ಅಂದರೆ ಪರದೇಶದಿಂದ ಬಂದ ಅತಿಥಿ ಎಂಬ ನೆನಪು ಜನರಲ್ಲಿ ಇನ್ನೂ ಹಸಿಯಾಗಿತ್ತು. ಆಗಿನ ಹುಂಜ ಊಟಕ್ಕಿಂತ ಹೆಚ್ಚಾಗಿ ಕಾಳಗಕ್ಕೆ, ಉಡುಗೊರೆಗೆ, ಹರಕೆಗೆ ಬೇಕಾಗಿತ್ತು. ಕ್ರಿ.ಪೂ. 399ರಲ್ಲಿ ವಿಷ ಕುಡಿದ ಸಾಕ್ರೆಟೀಸ್ ಪ್ರಾಣ ಬಿಡುವ ಮುನ್ನ ಗೆಳೆಯನಿಗೆ ನೆನಪಿಸಿದ್ದು ವೈದ್ಯದೇವತೆಗೆ ಸಲ್ಲಬೇಕಾದ ಒಂದು ಹುಂಜದ ಹರಕೆಯನ್ನು. ಬೆಳ್ಳುಳ್ಳಿಗೂ ಕೋಳಿಗೂ ನಂಟು ಬೆಳೆದದ್ದು ಸಹ ಅಡುಗೆಯಲ್ಲಲ್ಲ, ಅಂಕದಲ್ಲಿ! ಕಾಳಗಕ್ಕೆ ಬಿಡುವ ಹುಂಜಕ್ಕೆ ರೋಷವೇರಲೆಂದು ಬೆಳ್ಳುಳ್ಳಿ ತಿನ್ನಿಸುತ್ತಿದ್ದರು. ನಮ್ಮ ಕರಾವಳಿಯ ಕೋಳಿ ಅಂಕವನ್ನು ಬಲ್ಲ ಓದುಗರಿಗೆ ಈ ಮಾತು ವಿಚಿತ್ರವೆನಿಸಲಾರದು.

ಎಣ್ಣೆ ಮತ್ತು ಸೊಪ್ಪಿನ ಕತೆ ಬೇರೆ. ಇವು ಆ ನೆಲದವೇ. 1952ರಲ್ಲಿ ಮೈಕೇಲ್ ವೆಂಟ್ರಿಸ್ ಎಂಬ ಇಂಗ್ಲೆಂಡಿನ ತರುಣ ವಾಸ್ತುಶಿಲ್ಪಿ 'ಲೀನಿಯರ್ ಬಿ' ಲಿಪಿಯನ್ನು ಬಿಡಿಸಿ ಓದಿದಾಗ, ಕ್ರೀಟ್ ದ್ವೀಪದ ಕ್ನೊಸೊಸ್ ಮತ್ತು ಗ್ರೀಸಿನ ಪೈಲೊಸ್ ಅರಮನೆಗಳ ಮಣ್ಣಿನ ಫಲಕಗಳಲ್ಲಿ ಕಾವ್ಯವಾಗಲಿ ರಾಜಶಾಸನವಾಗಲಿ ಸಿಗಲಿಲ್ಲ. ಸಿಕ್ಕಿದ್ದು ಉಗ್ರಾಣದ ಲೆಕ್ಕ. ಇಷ್ಟು ಆಲಿವ್ ಎಣ್ಣೆ, ಇಷ್ಟು ಕೊತ್ತಂಬರಿ. ಕ್ರಿ.ಪೂ. 6ನೆಯ ಶತಮಾನದ ಆರಂಭದಲ್ಲಿ ಅಥೆನ್ಸಿನ ಶಾಸನಕಾರ ಸೋಲನ್ ನೆಲದ ಬೆಳೆಗಳಲ್ಲಿ ಆಲಿವ್ ಎಣ್ಣೆಯೊಂದನ್ನು ಬಿಟ್ಟು ಮತ್ತಾವುದನ್ನೂ ಹೊರದೇಶಕ್ಕೆ ಮಾರಕೂಡದೆಂದು ಕಟ್ಟುಮಾಡಿದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ಓರೆಗಾನೊ ಗ್ರೀಸಿನ ಒಣ ಬೆಟ್ಟಗಳಲ್ಲಿ ತಾನೇ ಬೆಳೆಯುವ ಗಿಡ. ತುಳಸಿಯ ಕುಟುಂಬಕ್ಕೆ ಸೇರಿದ್ದು. ಅದರ ಘಾಟಿಗೆ ಕಾರಣ ಕಾರ್ವಕ್ರಾಲ್ ಎಂಬ ರಾಸಾಯನಿಕ. ನಮ್ಮ ಹಿತ್ತಿಲಿನ ದೊಡ್ಡಪತ್ರೆಯಲ್ಲೂ ಇದೇ ಪದಾರ್ಥವಿದೆ. ಓರೆಗಾನೊವನ್ನು ಕಂಡಿಲ್ಲದವರು ಒಂದು ದೊಡ್ಡಪತ್ರೆ ಎಲೆಯನ್ನು ಜಜ್ಜಿ ಮೂಸಿ ನೋಡಿದರೆ ಸಾಕು, ಅರ್ಧ ಪರಿಚಯವಾದಂತೆ.

ಆದರೆ ಹುಳಿ? ಪ್ರಾಚೀನ ಗ್ರೀಕರ ಹುಳಿ ನಿಂಬೆಯದಲ್ಲ. ದ್ರಾಕ್ಷಾರಸದ ವಿನೆಗರ್ ಮತ್ತು ಎಳೆ ದ್ರಾಕ್ಷಿಯ ರಸ. ಕ್ರಿ.ಪೂ. 4ನೆಯ ಶತಮಾನದಲ್ಲಿ ಸಿಸಿಲಿಯ ಗೆಲ ಎಂಬ ಗ್ರೀಕ್ ಪಟ್ಟಣದ ಆರ್ಕೆಸ್ಟ್ರೇಟಸ್ ಊಟದ ಮೇಲೆ ಒಂದು ಕಾವ್ಯವನ್ನೇ ರಚಿಸಿದ. ಮೂಲ ಕಳೆದುಹೋಗಿದೆ, ಐನೂರು ವರ್ಷಗಳ ನಂತರ ಅಥಿನೀಯಸ್ ಎಂಬ ಲೇಖಕ ಉದ್ಧರಿಸಿದ ತುಣುಕುಗಳು ಮಾತ್ರ ಉಳಿದಿವೆ. ಆರ್ಕೆಸ್ಟ್ರೇಟಸನಿಗೆ ಒಂದು ಸಿಟ್ಟಿತ್ತು. ಒಳ್ಳೆಯ ಮೀನಿಗೆ ಉಪ್ಪು, ಎಣ್ಣೆ ಸಾಕು. ಅದರ ಮೇಲೆ ಚೀಸ್ ಮತ್ತು ವಿನೆಗರ್ ಸುರಿದು ಕೆಡಿಸುವ ಸೈರಕ್ಯೂಸಿನ ಅಡುಗೆಯವರನ್ನು ಹತ್ತಿರ ಸೇರಿಸಬೇಡಿ ಎಂಬುದು ಅವನ ಎಚ್ಚರಿಕೆ. ಹುಳಿ, ಮಸಾಲೆಗಳೆಲ್ಲ ಗಟ್ಟಿ ಮಾಂಸದ ಅಗ್ಗದ ಮೀನಿಗೆ ಎಂಬುದು ಅವನ ಮತ. ಅಡುಗೆ ಬಲ್ಲ ಯಾರೂ ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾರರು.

ನಿಂಬೆಯ ಜಾತಿಯಲ್ಲಿ ಗ್ರೀಕರು ಮೊದಲು ಕಂಡದ್ದು ಮಾದಲದ ಹಣ್ಣನ್ನು. ಅಲೆಕ್ಸಾಂಡರನ ದಂಡಯಾತ್ರೆಯ ನಂತರ ಸಸ್ಯಶಾಸ್ತ್ರದ ಪಿತಾಮಹನೆನಿಸಿದ ಥಿಯೊಫ್ರಾಸ್ಟಸ್ ಅದನ್ನು 'ಮೀಡಿಯ ದೇಶದ ಸೇಬು' ಎಂದು ಕರೆದು, ಇದನ್ನು ಯಾರೂ ತಿನ್ನುವುದಿಲ್ಲ, ಬಟ್ಟೆಗಳ ನಡುವೆ ಇಟ್ಟರೆ ನುಸಿ ಹಿಡಿಯುವುದಿಲ್ಲ ಎಂದು ಬರೆದ. ನಿಜವಾದ ನಿಂಬೆ ಮಾದಲಕ್ಕೂ ಕಹಿ ಕಿತ್ತಳೆಗೂ ಹುಟ್ಟಿದ ಮಿಶ್ರತಳಿ. ರೋಮಿನ ಫೋರಂ ಬಯಲಿನ ಉತ್ಖನನದಲ್ಲಿ ಕ್ರಿಸ್ತಶಕದ ಆರಂಭದ ಸುಮಾರಿನ ನಿಂಬೆಯ ಬೀಜ ಸಿಕ್ಕಿದೆಯಾದರೂ ಅದು ಆಗ ಸಿರಿವಂತರ ತೋಟದ ಅಪರೂಪದ ವಸ್ತು. ಮೆಡಿಟರೇನಿಯನ್ ನಾಡುಗಳ ಸಾಮಾನ್ಯ ಬೆಳೆಯಾಗಿ ಅದನ್ನು ಹರಡಿದವರು ಅರಬರು. ಅದು 10ನೆಯ ಶತಮಾನದಿಂದ ಈಚಿನ ಮಾತು. ಹೆಸರೂ ಅದೇ ದಾರಿಯಲ್ಲಿ ನಡೆಯಿತು. ಸಂಸ್ಕೃತದ 'ನಿಂಬೂಕ', ಪರ್ಷಿಯನ್ನಿನ 'ಲೀಮೂ', ಅರಬ್ಬೀಯ 'ಲೈಮೂನ್', ಗ್ರೀಕರ 'ಲೆಮೋನಿ' ಇವೆಲ್ಲ ಒಂದೇ ಬಳಗದ ಮಾತುಗಳು; ನಮ್ಮ 'ನಿಂಬೆ'ಯೂ ಅದೇ ಬಳಗದ್ದು. ಹಾಗೆಂದು ನಮ್ಮ ಪೇಟೆಯ ಸಣ್ಣ ನಿಂಬೆ ಮತ್ತು ಗ್ರೀಸಿನ ದೊಡ್ಡ ಹಳದಿ ನಿಂಬೆ ಒಂದೇ ಅಲ್ಲ. ಆದರೆ ಎರಡಕ್ಕೂ ಒಂದು ಕಡೆಯ ಜನಕ ಮಾದಲವೇ.

ಕಾಳುಮೆಣಸಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗ್ರೀಕರ 'ಪೆಪೆರಿ' ನಮ್ಮ 'ಪಿಪ್ಪಲಿ'ಯಿಂದ ಬಂದ ಪದ. ಅದು ಅಲ್ಲಿ ಮೊದಲು ವೈದ್ಯರ ಔಷಧವಾಗಿತ್ತು. ಅಡುಗೆಮನೆಗೆ ಹೋದದ್ದು ಆಮೇಲೆ. ಪಶ್ಚಿಮಘಟ್ಟದ ಮೆಣಸಿನ ಬಳ್ಳಿಗೆ ಗ್ರೀಕ್ ಮಾತಾಡುವ ವರ್ತಕರು ಹಡಗು ಕಟ್ಟಿಕೊಂಡು ಬಂದರೆಂಬುದು ನಿಮಗೆ ತಿಳಿದ ಚರಿತ್ರೆಯೇ.

ಈಗ ನೆನೆಸುವ ಕ್ರಮಕ್ಕೆ ಬರೋಣ. 'ಮ್ಯಾರಿನೇಡ್' ಎಂಬ ಪದದ ಬೇರು ಲ್ಯಾಟಿನ್ನಿನ 'ಮಾರೆ', ಅಂದರೆ ಕಡಲು. ಉಪ್ಪುನೀರಿನಲ್ಲಿ ಮುಳುಗಿಸಿ ಆಹಾರ ಕೆಡದಂತೆ ಕಾಪಾಡುವುದು ಅದರ ಮೂಲಾರ್ಥ; ನಮ್ಮ ಉಪ್ಪಿನಕಾಯಿಯ ಮನೆತನವೇ ಎನ್ನಬಹುದು. ರುಚಿಗಾಗಿ ನೆನೆಸುವುದು ಮುಂದಿನ ಬೆಳವಣಿಗೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದ ಮೇಲೆ ಗ್ರೀಕರು ನಾಲ್ಕು ಶತಮಾನಗಳ ಕಾಲ ಆಟೊಮನ್ ಸಾಮ್ರಾಜ್ಯದ ಪ್ರಜೆಗಳಾಗಿದ್ದರು. ಒಂದೇ ಪೇಟೆ, ಒಂದೇ ಕಟುಕರ ಅಂಗಡಿ, ಪಕ್ಕಪಕ್ಕದ ಒಲೆಗಳು. ಮಾಂಸವನ್ನು ಹುಳಿ ಮತ್ತು ಮಸಾಲೆಯಲ್ಲಿ ಹದಗೊಳಿಸುವುದಕ್ಕೆ ತುರ್ಕಿ ಭಾಷೆಯಲ್ಲಿ 'ತೆರ್ಬಿಯೆ' ಎನ್ನುತ್ತಾರೆ. ಆ ಪದಕ್ಕೆ ಶಿಸ್ತು, ಶಿಕ್ಷಣ ಎಂಬ ಅರ್ಥವೂ ಇದೆ. ನಾವು ದಿನವೂ ಬಳಸುವ 'ತರಬೇತಿ' ಅದೇ ಅರಬ್ಬೀ ಮೂಲದಿಂದ ನಮಗೆ ಬಂದದ್ದು. ಕೋಳಿಗೆ ತರಬೇತಿ! ಗ್ರೀಕ್ ಶೈಲಿಯ ಮ್ಯಾರಿನೇಡಿನಲ್ಲಿ ಕೆಲವರು ನಿಂಬೆಯ ಜೊತೆಗೆ ಗಟ್ಟಿ ಮೊಸರನ್ನೂ ಸೇರಿಸುತ್ತಾರೆ. ಹಿಂದಿನ ಗ್ರೀಕರಿಗೂ ಹುಳಿಹಾಲು ಗೊತ್ತಿತ್ತು. ಆದರೆ ಇಂದು ಅವರು ಮೊಸರಿಗೆ ಹೇಳುವ 'ಯಾವುರ್ತಿ' ಎಂಬ ಪದ ತುರ್ಕಿಯದು.

ಇದನ್ನು ಒಪ್ಪಿಕೊಳ್ಳುವುದು ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಕಷ್ಟವಾಯಿತು. 1821ರಲ್ಲಿ ಆರಂಭವಾದ ಹೋರಾಟದ ಫಲವಾಗಿ 1830ರಲ್ಲಿ ಗ್ರೀಸಿನ ಸ್ವಾತಂತ್ರ್ಯಕ್ಕೆ ಮನ್ನಣೆ ದೊರೆತ ಮೇಲೆ, ಭಾಷೆಯಿಂದ ತುರ್ಕಿ ಪದಗಳನ್ನು ಹೆಕ್ಕಿ ತೆಗೆಯುವ ಪ್ರಯತ್ನ ನಡೆಯಿತು. ಅಡುಗೆಯಲ್ಲಿ ಆ ಕೆಲಸಕ್ಕೆ ಇಳಿದವನು ನಿಕೊಲಾಸ್ ತ್ಸೆಲೆಮೆಂತೆಸ್ (1878–1958). ವಿಯೆನ್ನ, ಅಮೆರಿಕಗಳಲ್ಲಿ ದುಡಿದು ಬಂದ ಈ ಬಾಣಸಿಗ, ಗ್ರೀಕರ ಅಡುಗೆ ಮೂಲದಲ್ಲಿ ಶುದ್ಧವಾಗಿತ್ತು, ತುರ್ಕರ ಸಹವಾಸದಿಂದ ಜಿಡ್ಡು ಮಸಾಲೆಗಳು ಸೇರಿಕೊಂಡವು ಎಂದು ನಂಬಿದ್ದ. ಅದನ್ನು ತೊಳೆಯಲು ಅವನು ತಂದದ್ದೇನು? ಆಲಿವ್ ಎಣ್ಣೆಗೆ ಬದಲು ಬೆಣ್ಣೆ, ಬೆಳ್ಳುಳ್ಳಿಗೆ ಕಡಿವಾಣ, ಮೇಲೆ ಫ್ರಾನ್ಸಿನ ಬಿಳಿ ಸಾಸು! ಹೊರಗಿನದನ್ನು ತೆಗೆಯಹೋಗಿ ಒಳಗಿನದನ್ನೇ ತೆಗೆದ ಈ ಪ್ರಸಂಗ ನನಗೆ ನಗುವನ್ನೂ ವಿಷಾದವನ್ನೂ ಒಟ್ಟಿಗೆ ತರುತ್ತದೆ. ಅವನ ಪುಸ್ತಕ ಎಷ್ಟು ಜನಪ್ರಿಯವಾಯಿತೆಂದರೆ ಗ್ರೀಕ್ ಭಾಷೆಯಲ್ಲಿ 'ತ್ಸೆಲೆಮೆಂತೆಸ್' ಎಂದರೆ ಅಡುಗೆಪುಸ್ತಕ ಎಂದೇ ಅರ್ಥವಾಯಿತು.

ವಿಚಿತ್ರವೆಂದರೆ ಅದೇ ಕಾಲದಲ್ಲಿ ಚರಿತ್ರೆ ಎದುರು ದಿಕ್ಕಿನಲ್ಲಿ ಹರಿಯುತ್ತಿತ್ತು. 1922ರ ಯುದ್ಧದಲ್ಲಿ ಗ್ರೀಕ್ ಸೈನ್ಯ ಸೋತು, ಸ್ಮಿರ್ನ ನಗರ ಬೆಂಕಿಗೆ ಆಹುತಿಯಾಯಿತು. 1923ರ ಲೋಸಾನ್ ಒಪ್ಪಂದದ ಪ್ರಕಾರ ಧರ್ಮದ ಆಧಾರದ ಮೇಲೆ ಜನರನ್ನು ಅದಲುಬದಲು ಮಾಡಲಾಯಿತು. ಏಷ್ಯಾ ಮೈನರಿನಿಂದ ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿಗೆ ಬಂದರು. ಗ್ರೀಸಿನಿಂದ ಮೂರೂವರೆ ಲಕ್ಷಕ್ಕೂ ಮಿಕ್ಕ ಮುಸಲ್ಮಾನರು ತುರ್ಕಿಗೆ ಹೋದರು. ಬಂದವರಲ್ಲಿ ಎಷ್ಟೋ ಜನರಿಗೆ ಗ್ರೀಕ್ ಭಾಷೆಯೇ ಬರುತ್ತಿರಲಿಲ್ಲ. ಹೊಲ, ಮನೆ ಬಿಟ್ಟು ಬಂದ ಈ ನಿರಾಶ್ರಿತರನ್ನು ಸ್ಥಳೀಯರು 'ಮೊಸರಲ್ಲಿ ಅದ್ದಿದವರು' ಎಂದು ಹಂಗಿಸುತ್ತಿದ್ದರು. ಅವರ ಅಡುಗೆಯೇ ಬೈಗುಳವಾಯಿತು. ಅಥೆನ್ಸ್, ಪಿರೇಯಸ್, ಥೆಸಲೋನಿಕಿಗಳ ಗುಡಿಸಲು ಬಡಾವಣೆಗಳಲ್ಲಿ ಅವರು ಒಲೆ ಹೂಡಿ, ಜೀರಿಗೆ, ಮೊಸರು, ಬೆಳ್ಳುಳ್ಳಿಗಳ ರುಚಿಯನ್ನು ಬೀದಿಗೆ ತಂದರು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಹಂಗಿಸಿದವರ ಮಕ್ಕಳೇ ಅದನ್ನು ತಮ್ಮ ನಾಡಿನ ಊಟವೆಂದು ಪ್ರವಾಸಿಗರಿಗೆ ಬಡಿಸತೊಡಗಿದರು. ಗ್ರೀಸಿನ ಬೀದಿಗಳ 'ಸುವ್ಲಾಕಿ'ಗೆ ಇಂದಿಗೂ ಹಂದಿಮಾಂಸವೇ ಹೆಚ್ಚು ಬಳಕೆಯಲ್ಲಿದೆ. ಎರಡನೆಯ ಮಹಾಯುದ್ಧದ ನಂತರ ಫಾರಂ ಕೋಳಿ ಅಗ್ಗವಾಯಿತು. ಅಮೆರಿಕ, ಆಸ್ಟ್ರೇಲಿಯಗಳಿಗೆ ವಲಸೆ ಹೋದ ಗ್ರೀಕರು ಅಲ್ಲಿ ಹೋಟೆಲು ತೆರೆದರು. ಸುಟ್ಟ ಕೋಳಿಯ 'ಗ್ರೀಕ್ ಶೈಲಿ' ಲೋಕಪ್ರಸಿದ್ಧವಾಗಲು ಇವೆರಡೂ ಕಾರಣ.

ಮಾಡಿ ನೋಡುವ ಆಸೆಯುಳ್ಳವರಿಗೆ ಅಳತೆ ಹೇಳಿಬಿಡುತ್ತೇನೆ. ಒಂದು ಕಿಲೋ ಕೋಳಿಗೆ ನಾಲ್ಕು ದೊಡ್ಡ ಚಮಚ ಆಲಿವ್ ಎಣ್ಣೆ, ಮೂರು ದೊಡ್ಡ ಚಮಚ ನಿಂಬೆರಸ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಎರಡು ಚಹಾ ಚಮಚ ಒಣ ಓರೆಗಾನೊ, ಒಂದೂವರೆ ಚಹಾ ಚಮಚ ಉಪ್ಪು, ಅರ್ಧ ಚಮಚ ಮೆಣಸಿನ ಪುಡಿ. ನಮ್ಮ ನಿಂಬೆ ಹೆಚ್ಚು ಹುಳಿ. ಸ್ವಲ್ಪ ಕಡಿಮೆ ಹಾಕಿದರೂ ನಡೆಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಅದು ಕರಗುತ್ತದೆ. ಗಾಜು ಅಥವಾ ಸ್ಟೀಲು ಇರಲಿ. ಎರಡು ಮೂರು ಗಂಟೆ ಫ್ರಿಜ್ಜಿನಲ್ಲಿಡಿ. ರಾತ್ರಿಯಿಡೀ ನೆನೆದರೆ ರುಚಿ ಒಳಗಿಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮಾಂಸದ ಒಳಗೆ ಚೆನ್ನಾಗಿ ಇಳಿಯುವುದು ಉಪ್ಪೊಂದೇ. ಎಣ್ಣೆ, ಸೊಪ್ಪಿನ ಪರಿಮಳ ಮೇಲ್ಪದರದಲ್ಲೇ ನಿಲ್ಲುತ್ತದೆ, ನಿಂಬೆಯ ಹುಳಿಯಾದರೋ ಹೊತ್ತು ಮೀರಿದರೆ ಮೇಲಿನ ಪ್ರೋಟೀನನ್ನು ಬಿಗಿಗೊಳಿಸಿ ಮಾಂಸವನ್ನು ಹಿಟ್ಟುಹಿಟ್ಟಾಗಿಸುತ್ತದೆ. ಮಾಂಸ ತಿನ್ನದವರು ಇದೇ ರಸದಲ್ಲಿ ಪನ್ನೀರನ್ನೋ ಬದನೆಯನ್ನೋ ಅರ್ಧ ಗಂಟೆ ಇಟ್ಟು ಸುಡಬಹುದು.

ಸುಡುವ ಮೊದಲು ಬೆಳ್ಳುಳ್ಳಿಯ ಚೂರುಗಳನ್ನು ಒರೆಸಿ ತೆಗೆಯಿರಿ, ಇಲ್ಲವಾದರೆ ಅವು ಸೀದು ಕಹಿಯಾಗುತ್ತವೆ. ಹಸಿ ಕೋಳಿ ನೆನೆದ ರಸವನ್ನು ಬೆಂದ ಕೋಳಿಯ ಮೇಲೆ ಸುರಿಯಬೇಡಿ, ಚೆಲ್ಲಿಬಿಡಿ. ಮೇಲೆ ಸವರಲು ಸ್ವಲ್ಪ ಎಣ್ಣೆ, ನಿಂಬೆರಸ ಬೇರೆಯಾಗಿ ತೆಗೆದಿರಿಸಿಕೊಳ್ಳಿ. ಒಳಮಾಂಸದ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಉಷ್ಣಮಾಪಕ ಇಲ್ಲದವರು ದಪ್ಪ ತುಂಡೊಂದನ್ನು ಸೀಳಿ, ನಡುವೆ ಎಲ್ಲೂ ಗುಲಾಬಿ ಬಣ್ಣ ಉಳಿದಿಲ್ಲವೆಂದು ನೋಡಿಕೊಳ್ಳಲಿ. ಇನ್ನು ಬೆಂಕಿ. ಉರಿಯ ಮೇಲೆ ಇಟ್ಟರೆ ಎಣ್ಣೆ ತೊಟ್ಟಿಕ್ಕಿ ಜ್ವಾಲೆಯೆದ್ದು ಕೋಳಿ ಹೊರಗೆ ಕರಕಲು, ಒಳಗೆ ಹಸಿ. ಪೆಟ್ರೋಕ್ಲಸ್ ಮಾಡಿದಂತೆ ಜ್ವಾಲೆ ತಗ್ಗುವವರೆಗೆ ಕಾದು, ಕೆಂಡದ ಮೇಲೆ ಬಿಳಿ ಬೂದಿ ಕಟ್ಟಿದ ಮೇಲೆಯೇ ಸಲಾಕೆಗಳನ್ನು ಇಡಿ.