ಬಿಸಿಲು ಸೀಮೆಯ ಗಾಲಿಗಳು

ಕಟ್ಟಿಗೆಯ ಬಂಡಿಗಾಲಿ ಹಂಗಾಮಿಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದ ಕಟ್ಟಿಗೆ ಬೇಸಿಗೆಯಲ್ಲಿ ಒಣಗಿ ಸಣ್ಣದಾದಾಗ, ಅದನ್ನು ಸುತ್ತುವರಿದ ಕಬ್ಬಿಣದ ಪಟ್ಟಿ ಸಡಿಲಾಗಿ ಗಲಗಲ ಸದ್ದು ಮಾಡತೊಡಗುತ್ತದೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುವುದು ಅಪರೂಪವೇನಲ್ಲ. ಹಾಗಾಗಿ ಗಾಲಿಯ ಬಿಗಿ ನೋಡಿಕೊಳ್ಳುವುದು ಇಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಬರುವ ಕೆಲಸವಾಗಿತ್ತು. ರಬ್ಬರ್ ಟೈರು ಬಂದ ಮೇಲೆ ಬಿಗಿಯ ಜಾಗಕ್ಕೆ ಗಾಳಿಯ ಒತ್ತಡ ಬಂತು. ಕಮ್ಮಾರನ ಕೆಲಸ ಪಂಕ್ಚರ್ ಅಂಗಡಿಗೆ ಹೋಯಿತು. ಈಗ ಒತ್ತಡ ಅಳೆಯುವ ಸೆನ್ಸರ್ ಟೈರಿನ ಒಳಗೇ ಕೂತಿದೆ.

ವಿಜಯನಗರದ ಕಾಲದಲ್ಲಿ ದೂರದ ಸರಕು ಬಹುಪಾಲು ಗಾಲಿಯ ಮೇಲೆ ಬರುತ್ತಿರಲಿಲ್ಲ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಭಟ್ಕಳದ ಕಡೆಯ ವ್ಯಾಪಾರಕ್ಕೆ ಸಾವಿರಾರು ಹೇರೆತ್ತುಗಳು ಓಡಾಡುತ್ತಿದ್ದುದನ್ನು ಬರೆದಿದ್ದಾನೆ. ಘಟ್ಟದ ಕಡಿದಾದ ದಾರಿಗೆ ಎತ್ತಿನ ಬೆನ್ನೇ ಸರಿ. ಮುಂದಿನ ಶತಮಾನಗಳಲ್ಲಿ ಲಂಬಾಣಿಗಳು ಉಪ್ಪು, ದವಸ ಸಾಗಿಸಿದ್ದೂ ಹೀಗೆಯೇ. ಬಂಡಿಯ ಓಡಾಟ ಹೊಲದಿಂದ ಊರಿಗೆ, ಊರಿಂದ ಪೇಟೆಗೆ, ಜಾತ್ರೆಗೆ ಸೀಮಿತವಾಗಿತ್ತು. ಆದರೂ ಗಾಲಿಯ ರೂಪ ಜನರ ಕಣ್ಣಿಗೆ ಎಷ್ಟು ಪರಿಚಿತವಾಗಿತ್ತೆಂಬುದಕ್ಕೆ ಹಂಪಿಯ ವಿಜಯವಿಠ್ಠಲ ದೇವಸ್ಥಾನದ ಕಲ್ಲಿನ ರಥವೇ ಸಾಕ್ಷಿ. 16ನೇ ಶತಮಾನದ ಈ ರಥ ವಾಸ್ತವದಲ್ಲಿ ಗರುಡನ ಗುಡಿ. ಅದರ ಗಾಲಿಗಳು ಬಿಡಿ ಕಲ್ಲಿನಲ್ಲಿ ಕಡೆದಂಥವು. ಹಿಂದೆ ತಿರುಗುತ್ತಿದ್ದವು ಎನ್ನುತ್ತಾರೆ, ಈಗ ತಿರುಗದಂತೆ ಭದ್ರಪಡಿಸಲಾಗಿದೆ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರವೂ ಕಾಣುತ್ತದೆ, ಅದು ಈಗಿಲ್ಲ. ಗೋಪುರ ಹೋದರೂ ಗಾಲಿ ಉಳಿಯಿತು. 50 ರೂಪಾಯಿ ನೋಟಿನ ಮೇಲೂ ಬಂತು.

ನಿಜವಾದ ಗಾಲಿಯ ಕಥೆ ಮಾತ್ರ ಕಲ್ಲಿಗಿಂತ ಕಬ್ಬಿಣಕ್ಕೆ ಸೇರಿದ್ದು. ಸಂಡೂರಿನ ಬೆಟ್ಟಸಾಲು ಹೊಸಪೇಟೆಯ ಹತ್ತಿರ ಜಂಬುನಾಥನ ಗುಡ್ಡದಲ್ಲಿ ಮುಗಿಯುತ್ತದೆ. ಆ ಗುಡ್ಡದ ಅದಿರು ತಂದು ಕಮಲಾಪುರದಲ್ಲಿ ಕುಲುಮೆ ಊದಿ ಕಬ್ಬಿಣ ತೆಗೆಯುತ್ತಿದ್ದರೆಂದೂ, ಕಬ್ಬಿನ ಹಾಲು ಕಾಯಿಸುವ ಅಗಲವಾದ ಕೊಪ್ಪರಿಗೆಗಳನ್ನು ಅಲ್ಲೇ ಮಾಡುತ್ತಿದ್ದರೆಂದೂ 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರ್‌ನಲ್ಲಿ ಡಬ್ಲ್ಯು. ಫ್ರಾನ್ಸಿಸ್ ದಾಖಲಿಸಿದ್ದಾನೆ. ಅಷ್ಟರಲ್ಲಾಗಲೇ ವಿಲಾಯಿತಿ ಕಬ್ಬಿಣ ಅಗ್ಗವಾಗಿ ಬಂದು ನಾಡಕುಲುಮೆಗಳು ಆರತೊಡಗಿದ್ದವು. ಅದಿರಿನ ಬೆಟ್ಟದ ಬುಡದಲ್ಲೇ ಕುಳಿತ ಕಮ್ಮಾರ ಬೇರೆ ದೇಶದ ಪಟ್ಟಿಯನ್ನು ಬಡಿಯಬೇಕಾಗಿ ಬಂದದ್ದು ಈ ಸೀಮೆಯ ಚರಿತ್ರೆಯ ನೋವಿನ ಸಂಗತಿಗಳಲ್ಲೊಂದು. ಕುಲುಮೆ ಆರಿದರೂ ಅವನ ಕೈಗೆ ಕೆಲಸ ತಪ್ಪಲಿಲ್ಲ, ಏಕೆಂದರೆ ಗಾಲಿಗೆ ಪಟ್ಟಿ ಏರಿಸುವವನು ಊರಿಗೆ ಬೇಕೇ ಬೇಕಿತ್ತು.

ಗಾಲಿ ಬಡಗಿಯ ಕೆಲಸ. ನಡುವೆ ಗುಂಬ, ಅದರಿಂದ ಹೊರಟ ಅರಗಳು, ಅರಗಳ ತುದಿಗೆ ಕಮಾನಿನಂತೆ ಕೊರೆದು ಒಂದಕ್ಕೊಂದು ಜೋಡಿಸಿದ ತುಂಡುಗಳು. ಎರೆಹೊಲದ ಬದುವಿನಲ್ಲಿ ಬೆಳೆಯುವ ಕರಿಜಾಲಿ ಗಟ್ಟಿಯಾದ್ದರಿಂದ ಗಾಲಿಗೆ ಹೇಳಿ ಮಾಡಿಸಿದ ಕಟ್ಟಿಗೆ. ಬಡಗಿ ಮುಗಿಸಿದ ಮೇಲೆ ಕಮ್ಮಾರ ಗಾಲಿಯ ಸುತ್ತಳತೆ ತೆಗೆದು, ಅದಕ್ಕಿಂತ ತುಸು ಕಡಿಮೆ ಅಳತೆಗೆ ಪಟ್ಟಿಯನ್ನು ಬಾಗಿಸಿ ಬೆಸೆಯುತ್ತಿದ್ದ. ಆ ‘ತುಸು’ ಎಷ್ಟು ಎಂಬುದರಲ್ಲೇ ಅವನ ವಿದ್ಯೆಯೆಲ್ಲ ಇತ್ತು. ಕಡಿಮೆಯಾದರೆ ಪಟ್ಟಿ ಒಂದೇ ಬೇಸಿಗೆಗೆ ಕಳಚಿಕೊಳ್ಳುತ್ತದೆ. ಹೆಚ್ಚಾದರೆ ಬಿಗಿತಕ್ಕೆ ಅರಗಳು ಬಾಗಿ ಸೀಳುತ್ತವೆ. ನೆಲದ ಮೇಲೆ ಪಟ್ಟಿಯನ್ನು ಮಲಗಿಸಿ ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಕೊಟ್ಟರೆ ಕಬ್ಬಿಣ ಕೆಂಪೇರುತ್ತದೆ. ಐದು ಅಡಿ ಎತ್ತರದ ಗಾಲಿಯ ಪಟ್ಟಿಯನ್ನು 500 ಡಿಗ್ರಿಯಷ್ಟು ಕಾಯಿಸಿದರೆ ಅದರ ಸುತ್ತಳತೆ ಹತ್ತಿರ ಹತ್ತಿರ 3 ಸೆಂಟಿಮೀಟರ್ ಹಿಗ್ಗುತ್ತದೆ. ಮೂರು ನಾಲ್ಕು ಜನ ಇಕ್ಕಳದಿಂದ ಎತ್ತಿ ಗಾಲಿಯ ಮೇಲಿಟ್ಟು, ಸುತ್ತಲೂ ಬಡಿದು ಕೂರಿಸಿ, ಕಟ್ಟಿಗೆ ಹೊತ್ತಿಕೊಳ್ಳುವ ಮೊದಲೇ ಕೊಡಗಟ್ಟಲೆ ನೀರು ಸುರಿಯಬೇಕು. ಆವಿ ಏಳುವಾಗ ಪಟ್ಟಿ ಕುಗ್ಗಿ, ಅರಗಳೆಲ್ಲ ಗುಂಬದೊಳಕ್ಕೆ ನೂಕಿಕೊಂಡು ಕಟಕಟ ಸದ್ದು ಮಾಡುತ್ತವೆ. ಸದ್ದು ಸುತ್ತಲೂ ಒಂದೇ ಸಮ ಬಂದರೆ ಗಾಲಿ ಸರಿಯಾಗಿ ಕೂತಂತೆ.

ಬೇಸಿಗೆಗೆ ಸಡಿಲಾದ ಗಾಲಿಗೆ ಮೊದಲ ಮದ್ದು ನೀರು. ಗಾಲಿ ಬಿಚ್ಚಿ ರಾತ್ರಿಯೆಲ್ಲ ಹೊಂಡದಲ್ಲೋ ಕಾಲುವೆಯಲ್ಲೋ ಮುಳುಗಿಸಿಟ್ಟರೆ ಕಟ್ಟಿಗೆ ಉಬ್ಬಿ ಪಟ್ಟಿಯನ್ನು ತುಂಬಿಕೊಳ್ಳುತ್ತಿತ್ತು. ವಿಜಯನಗರದ ಅರಸರ ಕಾಲದಿಂದ ಹರಿಯುತ್ತ ಬಂದ ಬಸವ, ರಾಯ, ತುರ್ತಾ ಕಾಲುವೆಗಳ ಆಸುಪಾಸಿನ ಊರುಗಳಿಗೆ ಈ ಅನುಕೂಲ ಹೆಚ್ಚು. ನೀರಿನಿಂದ ಆಗುವುದು ತಾತ್ಪೂರ್ತಿಕ ಬಿಗಿ. ಇನ್ನೂ ಸಡಿಲವಿದ್ದರೆ ಪಟ್ಟಿಯ ಕೆಳಗೆ ಚಕ್ಕೆ ಬಡಿಯುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಪಟ್ಟಿ ಕತ್ತರಿಸಿ, ಗಿಡ್ಡ ಮಾಡಿ, ಮತ್ತೆ ಬೆಸೆದು ಏರಿಸುವುದೊಂದೇ ದಾರಿ. ಸುಗ್ಗಿ ಮುಗಿದು ಮುಂಗಾರು ಹಿಡಿಯುವ ನಡುವಿನ ಬಿಡುವಿನಲ್ಲಿ ಈ ಕೆಲಸ ನಡೆಯುತ್ತಿತ್ತು. ಮೈಲಾರದ ಕಾರಣಿಕಕ್ಕೋ ಹಂಪಿಯ ತೇರಿಗೋ ಬಂಡಿ ಕಟ್ಟುವ ಮನೆಗಳು ಅದಕ್ಕೂ ಮೊದಲೇ ಗಾಲಿ ತಟ್ಟಿ ನೋಡಿ, ಅಚ್ಚಿಗೆ ಕೀಲೆಣ್ಣೆ ಹಾಕಿ ಅಣಿಯಾಗುತ್ತಿದ್ದವು.

1880ರ ದಶಕದಲ್ಲಿ ಬಳ್ಳಾರಿಯಿಂದ ಹೊಸಪೇಟೆಗೆ, ಮುಂದೆ ಗದಗಿನತ್ತ ರೈಲು ಬಂತು. ಹೇರೆತ್ತಿನ ಕಾಲ ಅಲ್ಲಿಗೆ ಮುಗಿಯಿತು, ಬಂಡಿಯ ಕಾಲ ಮುಗಿಯಲಿಲ್ಲ. ಹತ್ತಿ, ಬೆಲ್ಲ, ದವಸ ಸ್ಟೇಷನ್ನಿಗೆ ಮುಟ್ಟಲು ಬಂಡಿಯೇ ಬೇಕಾದ್ದರಿಂದ ಅದರ ಕೆಲಸ ಹೆಚ್ಚಿತೆಂದೇ ಹೇಳಬೇಕು.

ಗಾಳಿ ತುಂಬಿದ ಟೈರಿಗೆ ಜಾನ್ ಬಾಯ್ಡ್ ಡನ್‌ಲಪ್ ಪೇಟೆಂಟ್ ಪಡೆದದ್ದು 1888ರಲ್ಲಿ. ಆ ಹೆಸರಿನ ಕಂಪನಿ 1936ರಲ್ಲಿ ಬಂಗಾಳದ ಸಹಾಗಂಜ್‌ನಲ್ಲಿ ಕಾರ್ಖಾನೆ ತೆರೆಯಿತು. ರಬ್ಬರ್ ಟೈರಿನ ಎತ್ತಿನಗಾಡಿಗೆ ಈ ಕಡೆಯ ರೈತರು ಇಟ್ಟ ಹೆಸರು ಡನ್‌ಲಪ್ ಗಾಡಿ. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟೆಯಲ್ಲಿ 1953ರಲ್ಲಿ ನೀರು ನಿಂತ ಮೇಲೆ ಭತ್ತ, ಕಬ್ಬು ಹೆಚ್ಚಿದವು. ಹೇರಿನ ತೂಕವೂ ಹೆಚ್ಚಿತು. ಕಂಪ್ಲಿಯ ಎರೆನೆಲದಲ್ಲಿ ಕಬ್ಬಿಣದ ಪಟ್ಟಿ ಮಳೆ ಬಿದ್ದೊಡನೆ ಹೂತುಕೊಳ್ಳುತ್ತದೆ, ಡಾಂಬರು ರಸ್ತೆಗೆ ಬಂದರೆ ಅದನ್ನು ಕೊರೆಯುತ್ತದೆ. ಅಗಲವಾದ ರಬ್ಬರ್ ಟೈರು ಎರಡೂ ಕಡೆ ಹಗುರಾಗಿ ಉರುಳಿ, ಎತ್ತಿನ ಹೆಗಲಿನ ಭಾರ ಇಳಿಸಿತು. ಬೆಂಗಳೂರಿನ ಐಐಎಂ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಎತ್ತಿನಗಾಡಿಯ ಸುಧಾರಣೆಗಾಗಿ ದೇಶದ ತುಂಬ ಓಡಾಡಿದ್ದು ಇಂಥದೇ ಕಾಳಜಿಯಿಂದ. ಟೈರಿನ ಜೊತೆಗೆ ಹೊಸ ಶತ್ರುವೂ ಬಂತು. ಹಳೆಯ ಗಾಲಿಗೆ ಕಟ್ಟಿಗೆ ಕೊಟ್ಟ ಜಾಲಿಯ ಮುಳ್ಳೇ ಟೈರನ್ನು ಚುಚ್ಚತೊಡಗಿತು. ಹೊಲ, ಹಳ್ಳ ಬಿಡದೆ ಹಬ್ಬಿದ ಬಳ್ಳಾರಿ ಜಾಲಿ ಅದನ್ನೂ ಮೀರಿಸಿತು. ಪಂಕ್ಚರ್ ಹಾಕುವವನು ಊರೂರಿಗೂ ಬೇಕಾದದ್ದು ಆಗ.

ಸಂಡೂರಿನಲ್ಲಿ ಟೈರಿನ ಮೇಲೆ ಬಿದ್ದದ್ದು ಅದಿರಿನ ಭಾರ. ಘೋರ್ಪಡೆ ಮನೆತನದ ಈ ಸಂಸ್ಥಾನ 1949ರಲ್ಲಿ ಮದ್ರಾಸ್ ಪ್ರಾಂತಕ್ಕೆ ಸೇರಿತು; 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿತು; 1977ರಲ್ಲಿ ದೋಣಿಮಲೈ ಗಣಿ ಶುರುವಾಯಿತು. 2000ದ ನಂತರ ಚೀನಾದ ಬೇಡಿಕೆಗೆ ಅದಿರಿನ ಬೆಲೆ ಏರಿದಾಗ ಹೊಸಪೇಟೆಯ ಸುತ್ತಲಿನ ಹೆದ್ದಾರಿಗಳಲ್ಲಿ ಹಗಲೂ ರಾತ್ರಿ ಲಾರಿಗಳ ಸಾಲು ಬೇಲೆಕೇರಿ, ಮಂಗಳೂರು, ಕೃಷ್ಣಪಟ್ಟಣಂ ಬಂದರುಗಳತ್ತ ಹೊರಟಿರುತ್ತಿತ್ತು. ಮಿತಿಮೀರಿ ಹೇರಿದ ಲಾರಿಯ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಅದರ ಪಕ್ಕೆ ಉರುಳಿದಷ್ಟೂ ಮಡಚಿ ಬಿಚ್ಚುತ್ತ ಕಾಯುತ್ತದೆ. ಮೇಲಿನ ಬಿಸಿಲು, ಕೆಳಗಿನ ಡಾಂಬರು ಆ ಕಾವಿಗೆ ಸೇರಿ ಟೈರಿನ ಮೇಲ್ಪದರ ಕಳಚುತ್ತದೆ, ಕೆಲವೊಮ್ಮೆ ಬೆಂಕಿಯೇ ಹತ್ತುತ್ತದೆ. ಹಿಂದಿನ ಜೋಡಿ ಟೈರಿನಲ್ಲಿ ಒಳಗಿನದು ಕೂತಿದ್ದರೂ ಹೊರಗಿನದು ಭಾರ ಹೊತ್ತು ಅದನ್ನು ಮರೆಮಾಡುತ್ತದೆ. ಅದಕ್ಕೇ ಡ್ರೈವರು, ಕ್ಲೀನರು ಲಾರಿ ನಿಂತಲ್ಲೆಲ್ಲ ಇಳಿದು ರಾಡಿನಿಂದ ಒಂದೊಂದೇ ಟೈರಿಗೆ ಹೊಡೆಯುತ್ತ ಹೋಗುವುದು. ಗಾಳಿ ತುಂಬಿದ್ದರೆ ರಾಡು ಪುಟಿದು ಟಣ್ಣೆನ್ನುತ್ತದೆ. ಕಡಿಮೆಯಿದ್ದರೆ ಧಪ್ಪೆಂದು ಸತ್ತ ಸದ್ದು. ಕಮ್ಮಾರ ಕಟ್ಟಿಗೆಯ ಗಾಲಿಯಲ್ಲಿ ಮಾಡುತ್ತಿದ್ದ ಸದ್ದಿನ ಪರೀಕ್ಷೆಯನ್ನೇ ಲಾರಿಯವರು ರಬ್ಬರಿನಲ್ಲಿ ಮುಂದುವರಿಸಿದರು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ನಿಂತಲ್ಲೇ ನಿಂತವು. ಓಡದೆ ನಿಂತ ಟೈರೂ ಹಾಳಾಗುತ್ತದೆ ಎಂಬುದು ಸಾಲ ಮಾಡಿ ಲಾರಿ ಕೊಂಡವರಿಗೆ ಆಗ ಚೆನ್ನಾಗಿ ಗೊತ್ತಾಯಿತು. ಹೆದ್ದಾರಿಯ ಪಂಕ್ಚರ್ ಅಂಗಡಿಗಳಿಗೂ ಅದು ಬರಗಾಲ.

ಕಿವಿಯ ಜಾಗಕ್ಕೆ ಸೆನ್ಸರ್ ಬಂದ ದಾರಿ ಬೇರೆ ದೇಶದ್ದು. ಪೋರ್ಷೆ 959 ಕಾರಿನಲ್ಲಿ 1986ರಲ್ಲೇ ಇಂಥ ವ್ಯವಸ್ಥೆಯಿತ್ತು. ಫೈರ್‌ಸ್ಟೋನ್ ಟೈರುಗಳ ಅಪಘಾತಗಳ ನಂತರ ಅಮೆರಿಕ 2000ದಲ್ಲಿ ಕಾಯ್ದೆ ತಂದು, ಮುಂದೆ 2008ರ ಮಾದರಿಯ ಹೊತ್ತಿಗೆ ಎಲ್ಲ ಹೊಸ ಕಾರುಗಳಿಗೂ ಇದನ್ನು ಕಡ್ಡಾಯ ಮಾಡಿತು. ಅಲ್ಲಿನ ನಿಯಮದಂತೆ ನಿಗದಿತ ಒತ್ತಡಕ್ಕಿಂತ ಶೇ. 25ರಷ್ಟು ಇಳಿದರೆ ದೀಪ ಹತ್ತಬೇಕು. ಚಳಿ ದೇಶಗಳಲ್ಲಿ ಇದರ ತೊಡಕು ಹಂಗಾಮಿನದು. ಉಷ್ಣಾಂಶ ಐದಾರು ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಸಾಮಾನ್ಯ ರಬ್ಬರ್ ಗಡುಸಾಗುವುದರಿಂದ ಚಳಿಗಾಲದ ಟೈರು ಬೇರೆಯೇ ಇರುತ್ತದೆ. ಪ್ರತಿ ಸೆನ್ಸರಿಗೂ ತನ್ನದೇ ಗುರುತಿನ ಸಂಖ್ಯೆ ಇರುವುದರಿಂದ, ಎರಡನೇ ಜೊತೆ ಗಾಲಿಗಳಿಗೂ ಸೆನ್ಸರ್ ಹಾಕಿಸಿ ಕಾರಿಗೆ ಅವುಗಳ ಗುರುತು ಕಲಿಸಬೇಕು. ಇಲ್ಲವೆಂದರೆ ಚಳಿಗಾಲವಿಡೀ ದೀಪ ಉರಿಯುತ್ತಲೇ ಇರುತ್ತದೆ. ಟೊರಾಂಟೊ, ಶಿಕಾಗೊಗಳಲ್ಲಿ ನೆಲೆಸಿದ ಕನ್ನಡದ ಮನೆಗಳಿಗೆ ಇದು ಪ್ರತಿ ವರ್ಷದ ಖರ್ಚಿನ ಬಾಬತ್ತು.

ಭಾರತದಲ್ಲಿ 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ತಿದ್ದಿ, ಒತ್ತಡದ ಸೆನ್ಸರ್ ಮತ್ತು ಪಂಕ್ಚರ್ ರಿಪೇರಿ ಕಿಟ್ ಇರುವ ಟ್ಯೂಬ್‌ಲೆಸ್ ಟೈರಿನ ಸಣ್ಣ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಿತು. ಹೊಸಪೇಟೆಯ ಬಿಸಿಲಿನಲ್ಲಿ ಸಮಸ್ಯೆ ತಿರುಗಾಮುರುಗಾ. ಡಿಸೆಂಬರಿನ 20 ಡಿಗ್ರಿಯ ಬೆಳಗಿನಲ್ಲಿ 33 ಪಿಎಸ್‌ಐ ಇದ್ದ ಟೈರು ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಯಲ್ಲಿ ನಿಂತಲ್ಲೇ 36 ತೋರಿಸುತ್ತದೆ, ಓಡಿದರೆ ಇನ್ನೂ ಹೆಚ್ಚು. ಅದನ್ನು ಕಂಡು ಗಾಳಿ ಬಿಡಿಸಿದವರ ಟೈರು ರಾತ್ರಿ ತಣ್ಣಗಾದಾಗ ಕಡಿಮೆಗೆ ಇಳಿದು, ಮರುದಿನ ಪಕ್ಕೆ ಮಡಚಿ ಮತ್ತಷ್ಟು ಕಾಯುತ್ತದೆ. ಒತ್ತಡ ನೋಡಬೇಕಾದದ್ದು ಬೆಳಿಗ್ಗೆ, ವಾಹನ ಹೊರಡುವ ಮೊದಲು. ಟೈರು ಬಿಚ್ಚುವವನಿಗೂ ಎಚ್ಚರ ಬೇಕು. ಸೆನ್ಸರ್ ವಾಲ್ವಿನ ಬುಡದಲ್ಲಿ ಕೂತಿರುವುದರಿಂದ ಆ ಬದಿಗೆ ಲಿವರ್ ಕೊಟ್ಟರೆ ಒಂದೇ ಏಟಿಗೆ ಮುರಿಯುತ್ತದೆ. ಪಂಕ್ಚರ್ ಮುಚ್ಚಲು ಒಳಗೆ ಬಿಡುವ ದ್ರವ ಅದರ ಸಣ್ಣ ರಂಧ್ರ ಮುಚ್ಚಿದರೆ ತಪ್ಪು ಅಳತೆ ತೋರಿಸುತ್ತದೆ. ಒಳಗಿನ ಬ್ಯಾಟರಿ ಬಾಳುವುದು ಐದರಿಂದ ಹತ್ತು ವರ್ಷ. ಅದು ಮುಗಿದರೆ ಬಹುತೇಕ ಸೆನ್ಸರುಗಳನ್ನು ಇಡಿಯಾಗಿ ಬದಲಿಸಬೇಕು.